ಬೆಸ್ಟ್ ರೈಡರ್‌ಗೆ ಕೊಟ್ಟ ಟಿವಿ

ನಾನು ಒಂದು ಟಿವಿ. ಶೋಕಿಯ ದೊಡ್ಡ ಟಿವಿಯೇನಲ್ಲ. ನಡುಮನೆಯ ಗೋಡೆಗೆ ಹೊಂದುವಷ್ಟು ಅಗಲ, ಒಬ್ಬನೇ ತಬ್ಬಿ ಎತ್ತುವಷ್ಟು ಭಾರ. ಎಲ್ಲೋ ದೂರದ ಕಾರ್ಖಾನೆಯಲ್ಲಿ ನೀಲಿ ಟೋಪಿಯ ಹೆಣ್ಣುಮಕ್ಕಳು ನನ್ನ ಬೆನ್ನಿಗೆ ಸ್ಕ್ರೂ ಬಿಗಿದು, ಒಮ್ಮೆ ಹಚ್ಚಿ ನೋಡಿ, ಥರ್ಮಾಕೋಲಿನ ನಡುವೆ ಮಲಗಿಸಿದರು. ಮತ್ತೆ ಬೆಳಕು ಕಂಡದ್ದು ಪಾಂಡವಪುರದ ಒಂದು ಅಂಗಡಿಯಲ್ಲಿ. ಜನ ನನ್ನನ್ನು ನೋಡುತ್ತಾರೆ. ನಾನೂ ಅವರನ್ನು ನೋಡುತ್ತಿರುತ್ತೇನೆ ಎಂಬುದು ಯಾರಿಗೂ ಹೊಳೆಯುವುದಿಲ್ಲ.

ಅಂಗಡಿಯಿಂದ ನನ್ನನ್ನು ಕೊಂಡದ್ದು ಕಬಡ್ಡಿ ಪಂದ್ಯಾವಳಿಯವರು. ಬೆಸ್ಟ್ ರೈಡರ್‌ಗೆ ಬಹುಮಾನವೆಂದು ವೇದಿಕೆಯ ಮೇಲೆ ಹಾರ ಹಾಕಿ ಕೂರಿಸಿದರು. ಆ ವರ್ಷ ಕಪ್ ಗೆದ್ದದ್ದು ಸಿಡಿಲಮರಿ ಬಳಗ. ನನ್ನನ್ನು ಗೆದ್ದದ್ದು ಅದರ ಹೊನ್ನರಾಜು. ಎಂಥ ಆಟ ಅದು! ನಾಲ್ಕು ಜನ ಮೇಲೆ ಬಿದ್ದರೂ ಹಾವಿನಂತೆ ನುಸುಳಿ ಗೆರೆ ಮುಟ್ಟಿಬಿಡುತ್ತಿದ್ದ. ಜನ ಅವನನ್ನು ಹೆಗಲ ಮೇಲೆ ಹೊತ್ತರು. ನನ್ನನ್ನು ಕೆಂಚಣ್ಣ ತನ್ನ ಆಟೋದಲ್ಲಿ ಹೊತ್ತ.

ಕೆಂಚಣ್ಣ ಮೀಸೆ ಹಣ್ಣಾದ ಮನುಷ್ಯ. ಹೊನ್ನರಾಜುವೆಂದರೆ ಅವನಿಗೆ ಪ್ರಾಣ. ಆಟೋದ ಹಿಂದೆ ಹೊನ್ನರಾಜು ರೈಡಿಗೆ ಹಾರುವ ಚಿತ್ರ ಬರೆಸಿದ್ದ. ದಾರಿಯುದ್ದಕ್ಕೂ ಹಾರನ್ ಹೊಡೆಯುತ್ತ, ಸಿಕ್ಕವರಿಗೆಲ್ಲ "ನೋಡ್ರಪ್ಪಾ, ನಮ್ಮ ಹೈದ ಗೆದ್ದಿರೋ ಟಿವಿ ಇದು!" ಎಂದು ಕೂಗುತ್ತ ಬಂದ. ಹೊನ್ನರಾಜುವಿನ ಹೆಂಡತಿ ಶಶಿಕಲಾ ಬಾಗಿಲಲ್ಲೇ ನಿಂತಿದ್ದಳು. "ಕೆಂಚಣ್ಣ, ನೀವು ಟಿವಿ ತಂದ್ರೋ ಮದ್ವೆ ದಿಬ್ಬಣ ತಂದ್ರೋ?" ಎಂದು ನಕ್ಕು ನನಗೆ ಅರಿಶಿನ ಕುಂಕುಮ ಇಟ್ಟಳು. ಅವಳು ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಮೊದಲ ವಾರವೇ ಉಳಿದ ಬಟ್ಟೆಯಲ್ಲಿ ನನಗೊಂದು ಹೊದಿಕೆ ಹೊಲಿದಳು, ಅಂಚಿಗೆ ಜರಿ ಇಟ್ಟು.

ಮೊದಮೊದಲು ಇಬ್ಬರೂ ಚಾಪೆಯ ಮೇಲೆ ಕುಳಿತು ನನ್ನನ್ನು ನೋಡುತ್ತಿದ್ದರು. ಅವನು ಆಟದ ಪಟ್ಟು ಹೇಳಿಕೊಡುತ್ತಿದ್ದ, ಅವಳು ಬೇಕೆಂದೇ ತಪ್ಪು ಹೇಳಿ ರೇಗಿಸುತ್ತಿದ್ದಳು. ಮರುವರ್ಷ ಅವನ ಕಾಲಿನ ಗಿಣ್ಣು ಉಳುಕಿತು. ದೊಡ್ಡ ಪಂದ್ಯವೊಂದರಲ್ಲಿ ಸುಲಭದ ರೈಡಿನಲ್ಲೇ ಸಿಕ್ಕಿಬಿದ್ದ. ಊರಿನಲ್ಲಿ ಯಾರೋ ನಕ್ಕರಂತೆ. ಆ ಸಂಜೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆ ಎಸೆದ. ಅವಳು ಏನೋ ಹೇಳಲು ಬಾಯಿ ತೆರೆದಳು. ಅವನು ರಿಮೋಟು ತೆಗೆದುಕೊಂಡು ನನ್ನ ಸದ್ದು ಏರಿಸಿದ. ಆಮೇಲೆ ಹೊಡೆದ.

ಅದು ಅವನ ರೂಢಿಯಾಯಿತು. ಮೊದಲು ಸದ್ದು, ಆಮೇಲೆ ಕೈ. ಪಕ್ಕದ ಮನೆಯವರಿಗೆ ನಾನು ಹಾಡುವುದಷ್ಟೇ ಕೇಳುತ್ತಿತ್ತು. ಬೆಳಿಗ್ಗೆ ಅವನೇ ಅವಳ ಕಾಲು ಹಿಡಿದು ಅಳುತ್ತಿದ್ದ. "ಇನ್ನೊಂದ್ಸಲ ಹಿಂಗಾದ್ರೆ ಕೇಳು" ಎನ್ನುತ್ತಿದ್ದ. ಅವಳು ಕಣ್ಣೊರೆಸಿಕೊಂಡು ಕಾಫಿ ಕಾಯಿಸುತ್ತಿದ್ದಳು. ಮುಂದೆ ಊರಿನವರು ಅವನಿಗೆ ಇನ್ನೊಂದು ಅವಕಾಶ ಬೇಕೆಂದು ಬೊಬ್ಬೆ ಹೊಡೆದಾಗ ನನಗೆ ಆ ಬೆಳಗುಗಳೇ ನೆನಪಾಗುತ್ತಿದ್ದವು. ಅವಳಷ್ಟು ಅವಕಾಶ ಯಾರು ಕೊಟ್ಟಿದ್ದರು ಅವನಿಗೆ?

ಒಂದು ಮಧ್ಯಾಹ್ನ ಅವಳ ಬಲಗೈಯನ್ನು ಹಿಂದಕ್ಕೆ ತಿರುಚಿದ. ನಾನು ಜೋರಾಗಿ ಜಾಹೀರಾತು ಹೇಳುತ್ತಿದ್ದೆ. ಆದರೂ ಎಲುಬು ಮುರಿದದ್ದು ಕೇಳಿಸಿತು. ಅವನು ಹೆದರಿ ಹಿತ್ತಲಿಗೆ ಓಡಿದ. ಅವಳು ಆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ನಡೆದಳು. ಬೀದಿಯಲ್ಲಿ ಆಟೋವೊಂದು ನಿಂತ ಸದ್ದು. "ಅಯ್ಯೋ, ಏನವ್ವಾ ಇದು?" ಅಂದ ದನಿ ಕೆಂಚಣ್ಣನದು.

ಶಶಿಕಲಾ ಆ ಮನೆಗೆ ಮರಳಲಿಲ್ಲ. ಪೊಲೀಸರು ಬಂದರು, ಹೊನ್ನರಾಜುವನ್ನು ಕರೆದೊಯ್ದರು. ಕೆಲವು ದಿನಗಳಲ್ಲಿ ಜಾಮೀನು ಸಿಕ್ಕಿತು. ಬಾಡಿಗೆ ಮನೆಯ ಯಜಮಾನ ಮಾತ್ರ ಖಾಲಿ ಮಾಡೆಂದ. ಬಳಗದ ಹುಡುಗರು ನನ್ನನ್ನು ಎತ್ತಿಕೊಂಡು ಹೋಗಿ ಸಾಕಮ್ಮನ ಹೋಟೆಲಿನ ಗೋಡೆಗೆ ಹಾಕಿದರು.

ಅದು ಬಳಗದ ಅಡ್ಡೆ. ಅಲ್ಲಿ ಕಾಫಿಗಿಂತ ಮಾತೇ ಬಿಸಿ. ಜಿಲ್ಲಾ ಪಂದ್ಯಾವಳಿ ಹತ್ತಿರವಾಗಿತ್ತು, ಹೊನ್ನರಾಜುವನ್ನು ತಂಡಕ್ಕೆ ಸೇರಿಸಬೇಕೋ ಬೇಡವೋ ಎಂಬ ಜಗಳ ದಿನಾ ನಡೆಯುತ್ತಿತ್ತು. ಬಳಗದ ಕಾರ್ಯದರ್ಶಿ ಸಿದ್ದಲಿಂಗು, ಗೊಬ್ಬರದ ಅಂಗಡಿಯವನು, ಮೇಜು ಕುಟ್ಟುತ್ತಿದ್ದ. "ಕೇಸು ನಡೀತಾ ಅದೆ, ತೀರ್ಪು ಬಂದಿಲ್ಲ. ತೀರ್ಪು ಬರೋ ಗಂಟ ಅವನು ಆಟ ಬುಟ್ಟು ಮಣ್ಣು ತಿನ್ಬೇಕಾ? ಮನೆ ಜಗಳ ಮನೇಲಿ. ಮನುಷ್ಯ ಅಂದ್ಮೇಲೆ ಇನ್ನೊಂದು ಚಾನ್ಸು ಬ್ಯಾಡ್ವಾ?"

ಸಾಕಮ್ಮ ಲೋಟ ತೊಳೆಯುತ್ತಲೇ ಕೇಳಿದಳು: "ಹೋದ್ವರ್ಷ ಬೇರೆಯೋರ ಬೂಟ್ಸ್ ಕದ್ದ ಅಂತ ಒಬ್ಬ ಹೈದನ್ನ ಓಡಿಸಿದ್ರಲ್ಲ, ಅವನಿಗ್ಯಾಕೆ ಚಾನ್ಸು ಕೊಡ್ಲಿಲ್ಲ?"

"ಅವನು ಕ್ಯಾಚರ್ ಕನಕ್ಕ, ಅವನಂಥೋರು ಬೀದಿಗೊಬ್ರು ಸಿಕ್ತಾರೆ" ಎಂದ ಯಾರೋ. ಎಲ್ಲರೂ ನಕ್ಕರು.

ಮೂಲೆಯಲ್ಲಿ ಕುಳಿತ ಕೆಂಚಣ್ಣ ನಗಲಿಲ್ಲ. ಮೊದಲಾದರೆ ಆ ಜಗಳದಲ್ಲಿ ಎಲ್ಲರಿಗಿಂತ ಜೋರಾಗಿ ಕೂಗುವವನು ಅವನೇ. ಈಗ ಬರುತ್ತಿದ್ದ, ಕಾಫಿ ಕುಡಿಯುತ್ತಿದ್ದ, ಹೋಗುತ್ತಿದ್ದ. ಶಶಿಕಲಾಳನ್ನು ಆಸ್ಪತ್ರೆಗೆ ಸೇರಿಸಿದ ಆಟೋದವನು ಪೊಲೀಸರ ಮುಂದೆ ಹೇಳಿಕೆ ಕೊಟ್ಟಿದ್ದಾನೆಂಬ ಸುದ್ದಿ ಹಬ್ಬಿತ್ತು. ಯಾರೆಂದು ಗೊತ್ತಾಗಿರಲಿಲ್ಲ. "ಸಿಕ್ಲಿ ಆ ನನ್ಮಗ, ಹಲ್ಲು ಉದುರುಸ್ತೀನಿ" ಎಂದು ಹುಡುಗರು ಅವನ ಎದುರಿಗೇ ಹಲ್ಲು ಮಸೆಯುತ್ತಿದ್ದರು. ಅವನು ಖಾಲಿ ಲೋಟವನ್ನೇ ಮತ್ತೆ ಮತ್ತೆ ತುಟಿಗೆ ಒಯ್ಯುವುದನ್ನು ನಾನೊಬ್ಬನೇ ನೋಡುತ್ತಿದ್ದೆ.

ಭಾನುವಾರ ಬಳಗದ ಸಭೆ. ಸಿದ್ದಲಿಂಗು ಗಂಟಲು ಸರಿಮಾಡಿಕೊಂಡು, "ಆ ಹೆಣ್ಮಗಳೂ ರಾಜಿಗೆ ಒಪ್ಪವಳೆ. ಇನ್ನೇನೂ ತಕರಾರಿಲ್ಲ. ಹೊನ್ನರಾಜು ಆಡ್ತಾನೆ" ಎಂದ. ಚಪ್ಪಾಳೆ ಬಿತ್ತು. ಚಪ್ಪಾಳೆ ನಿಲ್ಲುವ ಮೊದಲೇ ಬಾಗಿಲಲ್ಲಿ ಶಶಿಕಲಾ ನಿಂತಿದ್ದಳು. ಸಾಕಮ್ಮನೇ ಹೇಳಿಕಳಿಸಿದ್ದಳೆಂದು ಆಮೇಲೆ ತಿಳಿಯಿತು. ಬಲಗೈ ಮೊಣಕೈಯಿಂದ ಕೆಳಗೆ ಸೊಟ್ಟಗೆ ಕೂಡಿಕೊಂಡಿತ್ತು.

"ಸಿದ್ದಲಿಂಗಣ್ಣ, ನಾನ್ಯಾವಾಗ ಒಪ್ಪಿದೆ?" ಎಂದಳು.

ಅವಳು ಒಳಗೆ ಬಂದು ಅವನ ಮೇಜಿನ ಎದುರು ನಿಂತಳು.

"ಆಡ್ಸೋದು ಬುಡೋದು ನಿಮಗೆ ಸೇರಿದ್ದು. ಅವನ ಆಟ ನಾನೂ ನೋಡಿದ್ದೀನಿ, ನಾನೂ ಚಪ್ಪಾಳೆ ಹೊಡ್ದಿದ್ದೀನಿ. ಆದ್ರೆ ಚಾನ್ಸು ಕೊಡೋರು ನಿಮ್ಮ ಹೆಸ್ರಲ್ಲಿ ಕೊಡಿ. ನನ್ನ ಹೆಸ್ರಲ್ಲಿ ಬ್ಯಾಡ."

ಸಿದ್ದಲಿಂಗುವಿಗೆ ಅವಮಾನವಾಯಿತು. "ನೀನೇ ಬಿದ್ದು ಕೈ ಮುರ್ಕೊಂಡು ಅವನ ಮೇಲೆ ಹಾಕಿದ್ದೀಯೆ ಅಂತ ಊರೇ ಮಾತಾಡ್ತದೆ. ಯಾರವ್ರೆ ನೋಡಿರೋರು?"

ಆಗ ಕೆಂಚಣ್ಣ ಎದ್ದ. ಲೋಟವನ್ನು ನಿಧಾನವಾಗಿ ಮೇಜಿನ ಮೇಲಿಟ್ಟ. "ಆ ಮನೆಯಿಂದ ಮುರಿದ ಕೈ ಹಿಡ್ಕೊಂಡು ಬಂದದ್ದ ನೋಡ್ದೋನು, ಆಸ್ಪತ್ರೆಗೆ ಕರ್ಕೊಂಡೋದೋನು ನಾನು. ಹೇಳಿಕೆ ಕೊಟ್ಟೋನೂ ನಾನೇ. ಹಲ್ಲು ಉದುರ್ಸೋರು ಬನ್ರಪ್ಪಾ."

ಹೋಟೆಲು ಒಂದೇ ಸಲಕ್ಕೆ ಸಿಡಿಯಿತು. "ತಿಂದ ಮನೆಗೇ ಎರಡು ಬಗೀತೀಯಲ್ಲೋ!" ಎಂದು ಒಬ್ಬ ಅವನ ಅಂಗಿ ಹಿಡಿದ. ಇನ್ನೊಬ್ಬ ಹಿತ್ತಾಳೆಯ ಲೋಟ ಬೀಸಿ ಎಸೆದ. ಕೆಂಚಣ್ಣ ತಲೆ ತಗ್ಗಿಸಿದ. ಲೋಟ ಬಂದು ನನ್ನ ಮುಖಕ್ಕೆ ಬಡಿಯಿತು. ಸಾಕಮ್ಮ ಸೌಟು ಹಿಡಿದು ನಡುವೆ ನುಗ್ಗಿ, ಶಶಿಕಲಾಳನ್ನು ಅಡುಗೆಮನೆಯ ಬಾಗಿಲಿನಿಂದ ಆಚೆ ಕಳಿಸಿದಳು. ಗಲಾಟೆ ತಣ್ಣಗಾಗುವ ಹೊತ್ತಿಗೆ ಹೊರಗೆ ಆಟೋದ ಗಾಜು ಪುಡಿಯಾಗಿತ್ತು.

ಹೊನ್ನರಾಜು ಆಡಿದ. ಬಳಗ ಗೆದ್ದಿತು. ಬಿರುಕುಬಿಟ್ಟ ನನ್ನ ಮುಖದ ಅರ್ಧದಲ್ಲಷ್ಟೇ ಬಣ್ಣ ಉಳಿದಿತ್ತು. ಸ್ಥಳೀಯ ಕೇಬಲ್ಲಿನಲ್ಲಿ ಬಂದ ಆ ಪಂದ್ಯವನ್ನು ಜನ ಅಷ್ಟರಲ್ಲೇ ನೋಡಿ ಕುಣಿದರು. ಮರುದಿನ ಅವನು ಹಾರ ಹಾಕಿಕೊಂಡೇ ಹೋಟೆಲಿಗೆ ಬಂದ. ಹೊರಗೆ ಆಟೋ ಒರೆಸುತ್ತಿದ್ದ ಕೆಂಚಣ್ಣನ ಭುಜದ ಮೇಲೆ ಕೈಯಿಟ್ಟ.

"ಕೆಂಚಣ್ಣ, ಆದದ್ದಾಯ್ತು. ನಾನು ಬದಲಾಗಿವ್ನಿ. ಕೋರ್ಟಲ್ಲಿ ಏನೂ ನೋಡ್ಲಿಲ್ಲ ಅಂದ್ಬುಡು."

"ಬದಲಾಗಿದ್ರೆ ನನ್ನ ಕೈಲಿ ಸುಳ್ಳು ಹೇಳುಸ್ತಿರ್ಲಿಲ್ಲ ಕನಪ್ಪಾ" ಎಂದ ಕೆಂಚಣ್ಣ, ಭುಜದ ಮೇಲಿನ ಕೈಯನ್ನು ಮೆತ್ತಗೆ ತೆಗೆದು.

ಹೊನ್ನರಾಜುವಿನ ಮುಖದ ನಗು ಹಾಗೇ ಬತ್ತಿತು. "ಈ ಸ್ಟ್ಯಾಂಡಲ್ಲಿ ಅದೆಂಗೆ ಆಟೋ ಓಡಿಸ್ತೀಯೋ ನೋಡ್ತೀನಿ" ಎಂದು ಒಳಗೆ ಬಂದು ಕಾಫಿ ಕೇಳಿದ. ಸಾಕಮ್ಮ ಹಾಲು ಮುಗಿದಿದೆ ಎಂದಳು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು.

ಕೊನೆಗೆ ನನ್ನ ಉಳಿದ ಅರ್ಧವೂ ಕಪ್ಪಾಯಿತು. ಸಾಕಮ್ಮನ ಮಾತಿಗೆ ಕೆಂಚಣ್ಣ ನನ್ನನ್ನು ರಿಪೇರಿ ಅಂಗಡಿಗೆ ತಂದ. ರಿಪೇರಿಯ ಇಬ್ರಾಹಿಂ ಸಾಬರು ಬೆನ್ನು ಬಿಚ್ಚಿ ನೋಡಿ, "ಪ್ಯಾನೆಲ್ ಹೋಗಿದೆ ಕೆಂಚಣ್ಣ, ಹಾಕಿಸೋದಕ್ಕಿಂತ ಹೊಸದು ತಗೊಳ್ಳೋದೇ ವಾಸಿ" ಎಂದರು. ಅಂದಿನಿಂದ ಈ ಮೂಲೆಯೇ ನನ್ನ ಮನೆ. ಆಗಾಗ ನನ್ನ ಒಳಗಿನ ಒಂದೊಂದು ಭಾಗ ಬೇರೆ ಟಿವಿಗಳಿಗೆ ಹೋಗುತ್ತದೆ. ಅದರ ಬಗ್ಗೆ ನನಗೆ ಬೇಸರವಿಲ್ಲ.

ಈಚೆಗೆ ಕೆಂಚಣ್ಣ ಮಿಕ್ಸಿ ರಿಪೇರಿಗೆ ಬಂದಿದ್ದ. ಸ್ಟ್ಯಾಂಡಿನವರು ಅವನನ್ನು ಸಾಲಿಗೆ ಸೇರಿಸುವುದಿಲ್ಲವಂತೆ. ಆಸ್ಪತ್ರೆಯ ಗೇಟಿನ ಹತ್ತಿರ ಒಂಟಿಯಾಗಿ ನಿಲ್ಲಿಸುತ್ತಾನಂತೆ. ಆಟೋದ ಹಿಂದಿನ ಚಿತ್ರವನ್ನು ಅಳಿಸಿಲ್ಲ. ಕೇಸು ಇನ್ನೂ ಮುಗಿದಿಲ್ಲ, ಇವನ ಸಾಕ್ಷಿ ಮಾತ್ರ ಆಗಿದೆ. "ಲಾಯರು ಏನು ಕೇಳಿದ್ರು?" ಎಂದರು ಸಾಬರು.

"ನೀನು ಇವನ ಅಭಿಮಾನಿ ಅಲ್ವೇನಯ್ಯ ಅಂದ್ರು. ಹೌದು ಸ್ವಾಮಿ ಅಂದೆ. ಈಗ ಅವನ ಮೇಲೆ ದ್ವೇಷಾನಾ ಅಂದ್ರು. ಅವನು ರೈಡಿಗೆ ಹೊಂಟ್ರೆ ಈಗ್ಲೂ ನನ್ನ ಮೈ ಜುಮ್ ಅಂತದೆ ಸ್ವಾಮಿ, ಆ ತಾಯಿ ಕೈ ನನ್ನ ಆಟೋದಲ್ಲಿ ಜೋತಾಡ್ತಿತ್ತು, ಎರಡನ್ನೂ ನೋಡಿರೋ ಕಣ್ಣು ಒಂದೇ ಅಂದೆ."

ಸಾಬರು ಮಿಕ್ಸಿಯ ಸ್ಕ್ರೂ ಬಿಚ್ಚತೊಡಗಿದರು. ಗೋಡೆಯ ಹೊಸ ಟಿವಿಯಲ್ಲಿ ಆಗಲೇ ಯಾವುದೋ ಪಂದ್ಯ ಬರುತ್ತಿತ್ತು. ಹೊನ್ನರಾಜು ರೈಡಿಗೆ ಬಂದ. ಅಂಗಡಿಯ ಗಿರಾಕಿಗಳು ಶಿಳ್ಳೆ ಹೊಡೆದರು. ನೆಲದ ಮೇಲಿರುವ ನನಗೆ ಕೆಂಚಣ್ಣನ ಪಾದಗಳಷ್ಟೇ ಕಾಣುತ್ತಿದ್ದವು. ರೈಡರ್ ಗೆರೆ ದಾಟುತ್ತಿದ್ದಂತೆ ಅವನ ಹಿಮ್ಮಡಿ ತಾನಾಗಿ ಮೇಲೆದ್ದಿತು, ಹೆಬ್ಬೆರಳು ನೆಲವನ್ನು ಒತ್ತಿತು. ಅಭಿಮಾನ ಎಂಬುದು ಎಷ್ಟು ಆಳಕ್ಕೆ ಇಳಿದಿರುತ್ತದೆಂದು, ಅದನ್ನು ಮೀರಿ ಸತ್ಯ ಹೇಳುವುದು ಎಷ್ಟು ಕಷ್ಟವೆಂದು ನನಗೆ ಅರ್ಥವಾದದ್ದು ಅಂದೇ.

ಹಿಮ್ಮಡಿ ಮತ್ತೆ ಕೆಳಗಿಳಿಯಿತು. ರೈಡು ಮುಗಿಯುವ ಮೊದಲೇ ಆ ಪಾದಗಳು ತಿರುಗಿ, ಮೆಟ್ಟಿಲಿಳಿದು ಹೋದವು.