ಕೌದಿಯ ನಡುವಿನ ತುಂಡು

ಅಂಗೈಯಗಲದ ಬಟ್ಟೆತುಂಡುಗಳನ್ನು ಚಾಪೆಯ ಮೇಲೆ ಹರಡಿಕೊಂಡು ಬೀಬಿಜಾನ್ ಬೆಳಗಿನಿಂದ ಕೂತಿದ್ದಳು. ಮೊದಲ ಹೆರಿಗೆಗೆಂದು ಯಲ್ಲಾಪುರದ ತವರಿಗೆ ಬಂದ ಮಗಳು ನಗ್ಮಾಳ ಕೂಸಿಗೆ ಕೌದಿ ಹೊಲಿಯಬೇಕಿತ್ತು. ಅವರ ಮನೆತನದಲ್ಲಿ ಅದಕ್ಕೊಂದು ಪದ್ಧತಿ. ಅಜ್ಜಿಯಾಗುವವಳು ತಾನೇ ಬಂಧುಗಳ ಮನೆಬಾಗಿಲಿಗೆ ಹೋಗಿ, ಉಟ್ಟ ಬಟ್ಟೆಯ ಒಂದು ತುಂಡು ಕೇಳಿ ತರಬೇಕು. ಮನೆಗೆ ಒಂದೇ. ಕೇಳದೆ ಯಾರೂ ಕೊಡುವಂತಿಲ್ಲ, ಕೊಟ್ಟದ್ದನ್ನು ಬಿಡುವಂತಿಲ್ಲ.

ಬಂದದ್ದು ನಲವತ್ತೇಳು ತುಂಡು. ಆರಾರರ ಸಾಲು ಹಾಕಿದರೆ ಐದು ಉಳಿದವು. ಐದೈದರ ಸಾಲಿಗೆ ಎರಡು, ನಾಲ್ಕರದಕ್ಕೆ ಮೂರು. ಮೂಲೆ ಹರಿದಂತಿರುವ ಕೌದಿಯನ್ನು ಮೊದಲ ಮೊಮ್ಮಗುವಿಗೆ ಹೊದಿಸಿದರೆ ಊರು ಸುಮ್ಮನಿರುತ್ತದೆಯೇ?

ಮದುವೆಗೆ ಮುಂಚೆ ನಗ್ಮಾ ಮಕ್ಕಳಿಗೆ ಲೆಕ್ಕದ ಟ್ಯೂಶನ್ ಹೇಳುತ್ತಿದ್ದವಳು. ಗೋಡೆಗೆ ಒರಗಿ ನೋಡುತ್ತಿದ್ದವಳಿಗೆ ನಗು ತಡೆಯಲಿಲ್ಲ.

"ಬಿಡಮ್ಮಾ, ಅದು ಕೂಡೋದಿಲ್ಲ. ಎರಡು, ಮೂರು, ಐದು, ಯಾವುದರಿಂದಲೂ ಭಾಗ ಹೋಗೋದಿಲ್ಲ. ಎರಡರಿಂದಲೇ ಹೋಗದ್ದು ನಾಲ್ಕರಿಂದ, ಆರರಿಂದ ಎಲ್ಲಿ ಹೋಗ್ತದೆ? ಏಳೇಳ್ಲ ನಲವತ್ತೊಂಬತ್ತು, ಅಲ್ಲಿಗೆ ದಾಟಿಯೇ ಹೋಯ್ತು. ಮುಂದೆ ನೋಡೋದೇ ಬೇಡ. ಇದು ಅವಿಭಾಜ್ಯ ಸಂಖ್ಯೆ. ಒಂದೇ ಸಾಲಲ್ಲಿ ಹೊಲಿದರೆ ಮಾತ್ರ ಸಮ ಬರ್ತದೆ."

"ಒಂದೇ ಸಾಲಾ? ಅದನ್ನ ಕೂಸಿಗೆ ಹೊದಿಸೋದೋ, ಕೊಡಕ್ಕೆ ಕಟ್ಟಿ ಬಾವಿಗೆ ಬಿಡೋದೋ?"

"ಒಂದು ತೆಗೆದರೂ ಅಷ್ಟೇ. ನಲವತ್ತಾರು ಅಂದರೆ ಎರಡರಂತೆ ಇಪ್ಪತ್ಮೂರು ಸಾಲು. ಅದೂ ಹಗ್ಗವೇ. ಒಂದು ಸೇರಿಸಿದರೆ ಆರೆಂಟ್ಲ ನಲವತ್ತೆಂಟು, ಚಂದ ಆಗ್ತದೆ." ನಗ್ಮಾ ದನಿ ತಗ್ಗಿಸಿದಳು. "ಶಿರಸಿಯಲ್ಲಿ ಒಂದು ಮನೆಗೆ ನೀನು ಹೋಗಿಲ್ಲ."

ಅದು ಬೀಬಿಜಾನಳ ಒಡಹುಟ್ಟಿದ ತಂಗಿ ಕುಬ್ರಾಳ ಮನೆ. ಮಗ ಮಾಜ್‌ಗೆ ನಗ್ಮಾಳನ್ನು ತಂದುಕೊಳ್ಳಬೇಕೆಂದು ಅವಳಿಗೆ ಬಲು ಆಸೆಯಿತ್ತು. "ಲಾರಿ ಹತ್ತುವವನಿಗೆ ಮಗಳನ್ನು ಕೊಡೋದಿಲ್ಲ" ಎಂದು ಬೀಬಿಜಾನ್ ನಾಲ್ಕು ಜನರ ಎದುರು ಅಂದುಬಿಟ್ಟಳು. ಮಾತು ಆಡಿದರೆ ಹೋಯಿತು. ಅಂದಿನಿಂದ ಹೋಗಿಬರುವುದು ನಿಂತಿತು. ಮಾಜ್‌ನ ಮದುವೆಗೂ ಕರೆ ಬರಲಿಲ್ಲ. ಆ ದಿನ ಬೀಬಿಜಾನ್ ಅಡುಗೆಮನೆಯಲ್ಲಿ ಅತ್ತಿದ್ದಳು.

"ಎಸ್‌ಟಿಡಿ ಬೂತಿಂದ ಕುಬ್ರಾ ಖಾಲಾಗೆ ಒಂದು ಫೋನ್ ಮಾಡು," ಎಂದಳು ನಗ್ಮಾ.

"ಫೋನಲ್ಲಿ ಬಟ್ಟೆ ಬರ್ತದೇನೇ?" ಎಂದು ಬೀಬಿಜಾನ್ ಗದರಿದಳು. ಆದರೆ ಮರುದಿನ ಶಿರಸಿ ಬಸ್ಸು ಹತ್ತಿದಳು. ಬಾಗಿಲು ಮುಖಕ್ಕೇ ಹಾಕಿಕೊಂಡರೆ ಏನು ಗತಿ ಎಂಬ ಹೆದರಿಕೆಯಲ್ಲಿ ದಾರಿ ಸಾಗಿದ್ದೇ ಅವಳಿಗೆ ತಿಳಿಯಲಿಲ್ಲ.

ಬಾಗಿಲು ತೆರೆದದ್ದು ಕುಬ್ರಾಳೇ.

"ನಗ್ಮಾನ ಕೂಸಿಗೆ ಒಂದು ತುಂಡು ಕೇಳೋಕೆ ಬಂದೆ," ಎಂದಳು ಬೀಬಿಜಾನ್.

ಕುಬ್ರಾ ಒಳಗೆ ಹೋದಳು. ಬೀಬಿಜಾನ್ ಹೊಸ್ತಿಲ ಹೊರಗೇ ಸೆರಗು ಹಿಂಡುತ್ತ ಕಾದಳು. ಕುಬ್ರಾ ತಿರುಗಿ ಬಂದಾಗ ಅವಳ ಕೈಯಲ್ಲಿ ಅಂಚು ಮಡಿಚಿ ಹೊಲಿದ ಎರಡು ತುಂಡುಗಳಿದ್ದವು.

"ಹಸಿರು ನಂದು. ಕೆಂಪು ಮಾಜ್‌ನ ಹೆಂಡತೀದು. ಅವರದು ಈಗ ಬೇರೆ ಮನೆ, ಆಪಾ. ಸುದ್ದಿ ತಿಳಿದ ದಿನವೇ ಕತ್ತರಿಸಿ ಇಟ್ಟಿದ್ದೆ. ಕೇಳದೆ ಕೊಡೋ ಹಾಗಿಲ್ಲವಲ್ಲ."

ಬೀಬಿಜಾನ್ ಮನಸ್ಸಿನಲ್ಲೇ ಎಣಿಸಿದಳು. ನಲವತ್ತೆಂಟಕ್ಕೆ ಒಂದು ಸಾಕು, ಎರಡಾದರೆ ಮತ್ತೆ ಒಂದು ಹೆಚ್ಚು. ಒಂದೇ ಸಾಕು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಹಿಂದೊಮ್ಮೆ ನಾಲಿಗೆ ಬಿಟ್ಟು ಪಟ್ಟ ಪಾಡು ಸಾಲದೆ? ಕೌದಿ ಸೊಟ್ಟಗಾದರೆ ಆಗಲಿ ಎಂದುಕೊಂಡು ಎರಡನ್ನೂ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಆಮೇಲೆ ಅಕ್ಕತಂಗಿಯರು ಅತ್ತರು, ಚಹಾ ಕುಡಿದರು, ಮತ್ತೆ ಅತ್ತರು.

"ಲೆಕ್ಕ ಕೆಡಿಸಿಕೊಂಡು ಬಂದೆ ಕಣೇ," ಎಂದಳು ಸಂಜೆ ಮನೆಗೆ ಬಂದವಳು.

ನಗ್ಮಾ ಎರಡು ತುಂಡನ್ನೂ ನೋಡಿ ಜೋರಾಗಿ ನಕ್ಕಳು. "ಏಳೇಳ್ಲ ಎಷ್ಟಮ್ಮಾ? ನಿನ್ನೆ ನಾನೇ ಹೇಳಿದ್ದೆನಲ್ಲ!"

ಬೀಬಿಜಾನ್ ಏಳೇಳರಂತೆ ಏಳು ಸಾಲು ಹಾಕಿದಳು. ಒಂದೂ ಉಳಿಯಲಿಲ್ಲ. ಅಷ್ಟೇ ಅಲ್ಲ, ಆ ಕಡೆ ಮೂರು, ಈ ಕಡೆ ಮೂರು, ಮೇಲೆ ಮೂರು, ಕೆಳಗೆ ಮೂರು ಬಿಟ್ಟರೆ ನಟ್ಟನಡುವೆ ಒಂದೇ ಒಂದು ತುಂಡಿಗೆ ಜಾಗವಿತ್ತು. ನಲವತ್ತೆಂಟಾಗಿದ್ದರೆ ಅಂಥ ಜಾಗ ಸಿಗುತ್ತಿರಲಿಲ್ಲ.

"ಅಲ್ಲಿ ಯಾರದ್ದು ಇಡೋಣ?" ಎಂದು ನಗ್ಮಾ ಕೇಳುವಷ್ಟರಲ್ಲಿ ಬೀಬಿಜಾನ್ ಹಸಿರು ತುಂಡಿಗೆ ಸೂಜಿ ಹಾಕಿಯಾಗಿತ್ತು.