ಒಂದು ಬೀಳುವ ತನಕ

"ನೀವು ಗೆಲ್ಲೋದ ಇಲ್ಲೇನ್ರೀ?"

ಕೇಳಿದವನು ಜಟ್ಟೆಪ್ಪ. ವಿಜಯಪುರದ ಕಡೆಯವನು, ಊಟದ ಬಿಡುವಿಗೆ ಬಂದಿದ್ದ, ಕೊರಳಲ್ಲಿ ಆಫೀಸಿನ ಬಿಲ್ಲೆ ಇನ್ನೂ ನೇತಾಡುತ್ತಿತ್ತು. ಮುದಸ್ಸಿರ್ ತನ್ನ ಕೆಂಪು ಕಾಯಿಯನ್ನು ಬೇಕೆಂದೇ ಅವನ ನೀಲಿ ಕಾಯಿಯ ಎದುರಿಗೆ, ಬಾ ಹೊಡಿ ಎಂಬಂತೆ, ತಂದು ನಿಲ್ಲಿಸಿದ್ದ.

"ಇವತ್ತು ನಸೀಬು ಸರಿಯಿಲ್ಲ ಸಾರ್."

ನಸೀಬಿನ ಮಾತಲ್ಲ, ಅದು ಅವನ ಕೆಲಸ. ಇಂದಿರಾನಗರದ ಈ ಕೆಫೆಗೆ ಜನ ಬರುವುದು ಕಾಫಿ ಕುಡಿಯುತ್ತ ಬೋರ್ಡಿನ ಆಟ ಆಡಲಿಕ್ಕೆ. ಮೂವರೇ ಬಂದರೆ ನಾಲ್ಕನೆಯವನಾಗಿ ಮುದಸ್ಸಿರ್ ಕೂರಬೇಕು. ಆಡಬೇಕು, ನಗಬೇಕು, ಗೆಲ್ಲಬಾರದು. ಮ್ಯಾನೇಜರ್ ಪ್ರತಿಭಾ ಮೊದಲ ದಿನವೇ ಹೇಳಿದ್ದಳು: "ಗೆದ್ದೋರು ಮತ್ತೆ ಬರ್ತಾರೆ. ನೀನು ಗೆದ್ರೆ ನೀನೊಬ್ನೇ ಬರ್ಬೇಕಾಗುತ್ತೆ ಅಷ್ಟೆ."

ಅವಳು ಅವನನ್ನು ಪ್ರೊಫೆಸರ್ ಎಂದು ಕರೆಯುತ್ತಿದ್ದಳು. ಬಿ.ಎ. ಎರಡನೇ ವರ್ಷಕ್ಕೇ ಬಿಟ್ಟವನನ್ನು ಹಾಗೆ ಕರೆಯುವುದರಲ್ಲಿ ಅವಳಿಗೆ ತಮಾಷೆ ಕಾಣುತ್ತಿತ್ತು. ಕಾರಣ, ಆ ಚೀಟಿಗಳು. ಒಂದೊಂದು ಆಟದ ಪೆಟ್ಟಿಗೆಗೂ ಒಂದೊಂದು ಚೀಟಿ, ಹೆಸರಿನ ಹುಟ್ಟು ಹೇಳುವಂಥದ್ದು. ಶಿವಾಜಿನಗರದ ಫುಟ್‌ಪಾತಿನಲ್ಲಿ ಕೊಂಡ, ರಟ್ಟು ಹರಿದ ಲ್ಯಾಟಿನ್ ನಿಘಂಟನ್ನು ಇಟ್ಟುಕೊಂಡು ಅವನೇ ಬರೆದದ್ದು. ಡಾಮಿನೊ: 'ಒಡೆಯ' ಎಂಬ ಲ್ಯಾಟಿನ್ ಮಾತಿನಿಂದ, ಪಾದ್ರಿಗಳ ಕರಿಯ ಮುಸುಕಿನ ಮೂಲಕ ಬಂದದ್ದಂತೆ. ಚೆಸ್: ಲ್ಯಾಟಿನ್ನಿನ ಸ್ಕಾಕಿ, ಅದರ ಬೆನ್ನಿಗೆ ನಿಂತವನು ಫಾರ್ಸಿಯ ಶಾ, ಅಂದರೆ ರಾಜ. ಲೂಡೊ: ಲ್ಯಾಟಿನ್, ನಾನು ಆಡುತ್ತೇನೆ.

ಜನ ಚೀಟಿಗಳ ಫೋಟೊ ತೆಗೆದುಕೊಳ್ಳುತ್ತಿದ್ದರು. ಆಗೆಲ್ಲ ಅವನು ಬೇರೆ ಕಡೆ ತಿರುಗಿ ಕಾಯಿಗಳನ್ನು ಜೋಡಿಸುತ್ತಿದ್ದ. ಅಜ್ಜಿಯರು ಕವಡೆ ಹಾಕಿ ಆಡುತ್ತಿದ್ದ ಪಚ್ಚೀಸಿಯನ್ನು ಇಂಗ್ಲೆಂಡಿನವರು ಎತ್ತಿಕೊಂಡು ಹೋದರು, ಲ್ಯಾಟಿನ್ ಹೆಸರಿಟ್ಟರು, ಪೆಟ್ಟಿಗೆಗೆ ಹಾಕಿ ತಿರುಗಿ ನಮಗೇ ಮಾರಿದರು. ಈಗ ಇಂದಿರಾನಗರ ಆ ಪೆಟ್ಟಿಗೆ ತೆರೆದು ಬಾಯಿ ತೆರೆಯುತ್ತದೆ. ಹಾಗೆ ಬಾಯಿ ತೆರೆಸುವ ಚೀಟಿ ಬರೆದವನು ತಾನೇ ಎಂಬುದು ಅವನ ಸಿಟ್ಟನ್ನು ಕಡಿಮೆ ಮಾಡುತ್ತಿರಲಿಲ್ಲ.

ಜಟ್ಟೆಪ್ಪ ಚೀಟಿ ಓದುತ್ತಿದ್ದ. "ಲೂಡೊ ಅಂದ್ರ 'ನಾನು ಆಡತೀನಿ' ಅಂತೇನ್ರೀ? ಒಂದ ಶಬ್ದದಾಗ ಎಲ್ಲಾ ಮುಗೀತು? 'ನಾನು' ಅನ್ನೋದು ಎಲ್ಲದ ಇದರಾಗ?"

"ಒಳಗಿದೆ ಸಾರ್. ಕಾಣಲ್ಲ."

"ಭಾಳ ಶ್ಯಾಣ್ಯಾ ಅದೀರಿ ಬಿಡ್ರಿ," ಎಂದು ಜಟ್ಟೆಪ್ಪ ನಕ್ಕು, ಕೆಂಪು ಕಾಯಿಯನ್ನು ಹೊಡೆದು ಹಾಕಿದ. ಅವನ ಇಬ್ಬರು ಗೆಳೆಯರು ಚಪ್ಪಾಳೆ ತಟ್ಟಿದರು. ಮುದಸ್ಸಿರನೂ ತಟ್ಟಿದ.

ಜೇಬಿನಲ್ಲಿ ಫೋನು ನಡುಗಿತು. ಅಮ್ಮ.

"ಬೇಗ ಬಾರೋ ಮುದ್ದೂ. ಅಬ್ಬಾ ಕನ್ನಡಕ ತಂದಿದ್ದಾರೆ. ಗೋಡೆ ಮೇಲಿನ ಹಲ್ಲಿ ಕೂಡ ಕಾಣುತ್ತೆ! ಇವತ್ತಿಂದ ದಾಳ ನಾನೇ ನೋಡ್ಕೋತೀನಿ, ನೀನು ಓದಿ ಹೇಳೋದು ಬೇಡ."

"ಹೂಂ ಅಮ್ಮೀ," ಎಂದ. ಫೋನನ್ನು ಬೋರಲಾಗಿ ಬೋರ್ಡಿನ ಪಕ್ಕ ಇಟ್ಟ.

* * *

ಮನೆಯ ಆಟಕ್ಕೆಂದು ಎರಡು ಗಂಟೆ ಬಿಡುವು ಪಡೆದು ಅವನು ಹತ್ತಿದ ಶಿವಾಜಿನಗರದ ಬಸ್ಸು ಹಲಸೂರಿನಲ್ಲಿ ಕೆಟ್ಟುಹೋದಂತೆ ನಿಂತಿತು. ಮುಂದೆ ಮೂರು ಸಿಗ್ನಲ್ಲು. ಮೂರೂ ಕೆಂಪಾಗಿರಲಿ ಎಂದು ಅವನು ಬೇಡಿಕೊಂಡ.

ಅವರ ಮನೆಯಲ್ಲಿ ಶುಕ್ರವಾರ ಲೂಡೊ ತಪ್ಪಿದ್ದಿಲ್ಲ. ಜುಮ್ಮಾ ನಮಾಜು ಮುಗಿಸಿ, ಊಟ ಮಾಡಿ, ರಸೆಲ್ ಮಾರುಕಟ್ಟೆಯ ಹಣ್ಣಿನ ಅಂಗಡಿಗೆ ಹಿಂದಿರುಗುವ ಮೊದಲು ಒಂದು ಆಟ. ಅಬ್ಬಾ ಶಫಿಗೆ ಹಳದಿ, ಅಮ್ಮ ಖುರ್ಷೀದಾಗೆ ನೀಲಿ, ಮುದಸ್ಸಿರನಿಗೆ ಕೆಂಪು, ಅಣ್ಣ ಸೈಫ್‌ಗೆ ಹಸಿರು. ಯಾರು ಮೊದಲು ನಾಲ್ಕೂ ಗೋಟಿಗಳನ್ನು, ಎಂದರೆ ಕಾಯಿಗಳನ್ನು, ಮನೆ ಸೇರಿಸುತ್ತಾರೋ ಅವರು ಗೆದ್ದರು. ಅಲ್ಲಿಗೆ ಬೋರ್ಡು ಮಡಚುವುದು. ನಡುವೆ ಯಾರಾದರೂ ಎದ್ದುಹೋದರೆ ಅವರ ಕಾಯಿ ತೆಗೆಯುವಂತಿಲ್ಲ. ಅವರ ಸರದಿ ಬಂದಾಗ ಅವರ ಹೆಸರು ಹೇಳಿ ಅಮ್ಮ ದಾಳ ಹಾಕುತ್ತಾಳೆ. ಇಷ್ಟು ನಿಯಮ.

ಆ ಶುಕ್ರವಾರ ಸೈಫ್‌ನ ಮೂರು ಕಾಯಿ ಮನೆ ಸೇರಿದ್ದವು. ನಾಲ್ಕನೆಯದು ಹೊಸ್ತಿಲಲ್ಲಿ, ಒಂದು ಬಿದ್ದರೆ ಒಳಗೆ. ಅಷ್ಟರಲ್ಲಿ ಮಹದೇವಪುರದ ಮದುವೆ ಮನೆಯಿಂದ ಫೋನು: ಹಣ್ಣು ಎಲ್ಲಿ? ಅಬ್ಬಾ ಮುದಸ್ಸಿರನ ಕಡೆ ನೋಡಿದರು. ಟೆಂಪೊ ಓಡಿಸಲು ಅವನಿಗೂ ಬರುತ್ತಿತ್ತು.

"ನಂಗೆ ನಾಲ್ಕಕ್ಕೆ ಡ್ಯೂಟಿ ಇದೆ," ಎಂದಿದ್ದ.

"ಪ್ರೊಫೆಸರ್ ಸಾಹೇಬರಿಗೆ ತೊಂದ್ರೆ ಕೊಡ್ಬೇಡಿ," ಎಂದು ಸೈಫ್ ಎದ್ದ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ತಿರುಗಿ ಬೆರಳು ಆಡಿಸಿದ. "ನನ್ನ ಗೋಟಿ ಮುಟ್ಟಿದ್ರೆ ನೋಡಿ. ಬಂದು ಆಡ್ತೀನಿ."

ಮಹದೇವಪುರದ ಹತ್ತಿರ ಟೆಂಪೊ ನಿಂತ ಲಾರಿಯ ಹಿಂಬದಿಗೆ ಹೋಗಿ ಬಡಿಯಿತು. ಹಗಲು ಮೂರೂವರೆ. ಮೂಸಂಬಿಗಳು ರಸ್ತೆಯ ತುಂಬ ಉರುಳಿದ್ದವು ಎಂದು ಯಾರೋ ಬಂದು ಹೇಳಿದರು. ಹೇಳಲು ಬೇರೇನೂ ತೋಚದೆ.

ಅದಾಗಿ ಐದು ತಿಂಗಳು. ಬೋರ್ಡು ಟ್ರಂಕಿನ ಮೇಲೆ ಹಾಗೇ ಇದೆ. ಸೈಫ್ ತೀರಿಕೊಂಡ ನಲವತ್ತನೆಯ ದಿನ ಕಳೆದ ಮೇಲೆ ಅಬ್ಬಾ ಅದನ್ನು ಎತ್ತಿಡಲು ಹೋದರು. ಅಮ್ಮ ಅವರ ಕೈ ಹಿಡಿದಳು. "ಅವನ ಆಟ ಮುಗೀಲಿ. ಒಂದು ಬೀಳಲಿ. ಬಿದ್ದ ದಿನ ನಾನೇ ಮಡಚ್ತೀನಿ, ಅವನ ಬಟ್ಟೆಗಳನ್ನೂ ಯತೀಮಖಾನೆಯ ಅನಾಥ ಮಕ್ಕಳಿಗೆ ಕೊಟ್ಟುಬಿಡ್ತೀನಿ. ಅಲ್ಲೀವರೆಗೆ ಯಾರೂ ಮಾತಾಡ್ಬೇಡಿ."

ಅಂದಿನಿಂದ ಶುಕ್ರವಾರಕ್ಕೆ ಒಂದೇ ಸುತ್ತು. ಅಮ್ಮನ ಕಣ್ಣು ಮಂಜಾಗಿ ದಾಳದ ಚುಕ್ಕೆಗಳು ಕಾಣುತ್ತಿರಲಿಲ್ಲ. ಸೈಫ್‌ನ ಹೆಸರು ಹೇಳಿ ದಾಳ ಹಾಕಿ, "ಎಷ್ಟು ಬಿತ್ತು?" ಎಂದು ಕೇಳುತ್ತಿದ್ದಳು. ಮುದಸ್ಸಿರ್ ಬಗ್ಗಿ ನೋಡಿ ಹೇಳುತ್ತಿದ್ದ. ಐದು. ಮೂರು. ಆರು.

ಆರನೆಯ ಶುಕ್ರವಾರ ಒಂದು ಬಿತ್ತು.

"ನಾಲ್ಕು," ಎಂದಿದ್ದ ಅವನು. ಯೋಚಿಸಿ ಹೇಳಿದ್ದಲ್ಲ. ಕೆಫೆಯಲ್ಲಿ ಸೋಲುವ ಹಾಗೆ ಸರಾಗವಾಗಿ ಬಂದಿತ್ತು. ಆಮೇಲೆ ಇನ್ನೆರಡು ಸಲ ಒಂದು ಬಿತ್ತು. ಎರಡು ಸಲವೂ ಬೇರೆ ಏನೋ ಹೇಳಿದ. ಅಮ್ಮನಿಗಾಗಿ ಎಂದುಕೊಂಡ. ಹಲಸೂರಿನ ಕೆರೆ ದಾಟುವಾಗ ಇವತ್ತು ಮೊದಲ ಸಲ ಅನುಮಾನ ಬಂತು: ಸೈಫ್ ಮನೆ ಸೇರಿದರೆ, ಆ ಶುಕ್ರವಾರ ಮುಗಿಯುತ್ತದೆ; ಮುಗಿದರೆ, ತಾನು ಡ್ಯೂಟಿ ಇದೆ ಎಂದ ಮಾತೊಂದೇ ಉಳಿಯುತ್ತದೆ.

ಅಮ್ಮನನ್ನು ಅಷ್ಟು ತಿಂಗಳು ಬಾಗಿಲಲ್ಲಿ ಕಾಯಿಸಿದವನು ತಾನು. ಇವತ್ತು ಅವಳಿಗೆ ಚುಕ್ಕೆಗಳು ಕಾಣುತ್ತವೆ. ಒಂದು ಬಿದ್ದರೆ ಅವಳೇ ನೋಡುತ್ತಾಳೆ. ನೋಡಿದವಳು, ಇಷ್ಟು ದಿನ ಯಾಕೆ ಬೀಳಲಿಲ್ಲ ಎಂದು ಕೇಳದೆ ಇರುತ್ತಾಳೆಯೆ?

* * *

ಕನ್ನಡಕದಲ್ಲಿ ಅಮ್ಮನ ಕಣ್ಣುಗಳು ದೊಡ್ಡವಾಗಿ, ಯಾರದೋ ಕಣ್ಣುಗಳ ಹಾಗೆ ಕಂಡವು.

"ಎಷ್ಟು ಸೊರಗಿದ್ದೀಯೋ!" ಎಂದಳು. "ಇಷ್ಟು ದಿನ ಯಾರೂ ಹೇಳ್ಲೇ ಇಲ್ಲ."

"ನಿನ್ನ ಮಗ ಮೊದಲಿಂದ್ಲೂ ಹಾಗೇ," ಎಂದರು ಅಬ್ಬಾ, ಮಂಚದ ಮೇಲಿಂದ. "ಕಂಡಿದ್ದು ಇವತ್ತು."

ಅಬ್ಬಾ ಬಂದು ಚಾಪೆಯ ಮೇಲೆ ಕೂತರು. ಟ್ರಂಕಿನ ಸುತ್ತ ಮೂವರು. ನಾಲ್ಕನೆಯ ಬದಿಯಲ್ಲಿ ಯಾರೂ ಕೂರುತ್ತಿರಲಿಲ್ಲ. ಅಲ್ಲಿ ಬೋರ್ಡು ಫ್ಯಾನಿಗೆ ಹಾರದಂತೆ ಅರ್ಧ ಕೆಜಿಯ ತೂಕದ ಬಟ್ಟು ಇತ್ತು.

ಅಮ್ಮ ನೀಲಿ ಆಡಿದಳು. ಅಬ್ಬಾ ಹಳದಿ ಆಡಿದರು. ಆಮೇಲೆ ಅಮ್ಮ ದಾಳವನ್ನು ಎರಡು ಅಂಗೈಗಳ ನಡುವೆ ಇಟ್ಟು, ತುಟಿಗೆ ತಾಗಿಸಿ, "ಸೈಫ್," ಎಂದಳು. ಸಂತೆಯಲ್ಲಿ ಮಗುವನ್ನು ಕೂಗುವ ಹಾಗೆ, ಸ್ವಲ್ಪ ಗಟ್ಟಿಯಾಗಿ.

ದಾಳ ಉರುಳಿತು. ತೂಕದ ಬಟ್ಟಿಗೆ ತಾಗಿ ನಿಂತಿತು.

ಒಂದು.

ಬಿಳಿಯ ನಡುವೆ ಒಂದೇ ಕಪ್ಪು ಚುಕ್ಕೆ. ಯಾವ ಕಣ್ಣಿಗೂ ಇದಕ್ಕಿಂತ ಸ್ಪಷ್ಟವಾಗಿ ಕಾಣಲು ಸಾಧ್ಯವಿರಲಿಲ್ಲ. ಅಮ್ಮ ಬಗ್ಗಿದಳು. ಕನ್ನಡಕ ಮೂಗಿನ ತುದಿಗೆ ಜಾರಿತು, ಮೇಲಕ್ಕೆ ಏರಿಸಿಕೊಂಡಳು. ಬಹಳ ಹೊತ್ತು ನೋಡಿದಳು.

"ಮೂರು," ಎಂದಳು.

ಅಬ್ಬಾ ರುಮಾಲನ್ನು ಹೆಗಲ ಮೇಲೆ ಸರಿಮಾಡಿಕೊಂಡರು.

"ಮೂರು ಬಿತ್ತು," ಎಂದು ಇನ್ನೊಮ್ಮೆ ಹೇಳಿ, ದಾಳವನ್ನು ಎತ್ತಿ ಅವನ ಅಂಗೈಯಲ್ಲಿ ಇಟ್ಟಳು. ಅವಳ ಬೆರಳುಗಳು ತಣ್ಣಗಿದ್ದವು. "ನಿನ್ನ ಸರದಿ. ಆಡು."

ಅವನು ಅಬ್ಬಾರ ಕಡೆ ನೋಡಿದ. ಅಬ್ಬಾಗೆ ಕಣ್ಣು ಯಾವತ್ತೂ ಚೆನ್ನಾಗಿಯೇ ಇತ್ತು. ಇಷ್ಟೂ ಶುಕ್ರವಾರ ದಾಳಕ್ಕೆ ಅವನಷ್ಟೇ ಹತ್ತಿರ ಕೂತವರು ಅವರು. ಇದು ಈಗ ಹೊಳೆಯಿತು. ಅಬ್ಬಾ ಗಡ್ಡ ಕೆರೆದುಕೊಳ್ಳುತ್ತ ಗೋಡೆಯ ಹಲ್ಲಿಯನ್ನು ನೋಡುತ್ತಿದ್ದರು.

"ಅಮ್ಮೀ, ಅದು..."

"ಆಡು ಅಂದ್ನಲ್ಲ."

ಆಡಿದ. ಬಿದ್ದದ್ದು ಎರಡು. ಯಾರೂ ನೋಡಲಿಲ್ಲ; ಅವನು ಏಳು ಬಿತ್ತೆಂದು ಹೇಳಿದ್ದರೂ ನಡೆಯುತ್ತಿತ್ತು.

ಫೋನು ನಡುಗಿತು. ಪ್ರತಿಭಾಳ ಸಂದೇಶ: ಪ್ರೊಫೆಸರ್, ಮೂರು ಜನ ಕಾಯ್ತಿದ್ದಾರೆ, ನಾಲ್ಕನೆಯವನು ಬೇಕು, ಬೇಗ ಬಾ.

"ಹೋಗ್ಬೇಕಾ?" ಎಂದಳು ಅಮ್ಮ.

"ಡ್ಯೂಟಿ," ಎಂದ. ಎಂದ ಮೇಲೆ ಆ ಮಾತು ಕೋಣೆಯಲ್ಲೇ ನಿಂತುಕೊಂಡಿತು.

ಅಬ್ಬಾ ಅಂಗಡಿಗೆಂದು ಎದ್ದರು. ಹೆಗಲ ಮೇಲಿನ ರುಮಾಲಿನ ತುದಿ ಬೋರ್ಡಿನ ಮೇಲೆ ಹಾದುಹೋಯಿತು. ಹಸಿರು ಕಾಯಿ ಒಮ್ಮೆ ಓಲಾಡಿ, ಬಿದ್ದು, ಉರುಳಿ, ಮನೆಯೊಳಗೆ ಹೋಗಿ ತನ್ನ ಮೂರು ಜೊತೆಗಾರರಿಗೆ ತಾಗಿ ಮಲಗಿತು.

ಮೂವರೂ ಅದನ್ನು ನೋಡಿದರು. ಫ್ಯಾನು ತಿರುಗುತ್ತಿತ್ತು.

ಅಮ್ಮ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ದುಪಟ್ಟಾದ ಅಂಚಿನಿಂದ ಮನೆಯ ಹೊರಗಿನ ಚೌಕವನ್ನು ಒರೆಸಿದಳು. ಆಮೇಲೆ ಎರಡು ಬೆರಳಿನಲ್ಲಿ, ಅದರ ನಿದ್ದೆ ಕೆಡದ ಹಾಗೆ, ಹಸಿರು ಕಾಯಿಯನ್ನು ಒಳಗಿಂದ ಎತ್ತಿ ತಂದು ಬಾಗಿಲಾಚೆ ನಿಲ್ಲಿಸಿದಳು.