ಎಡಗೈ ಹುರಿ

ಹುಟ್ಟಿದ ಊರನ್ನು ನೋಡಲು ನಾನು ಪ್ರವಾಸಿಗಳ ಬಸ್ಸಿನಲ್ಲಿ ಹೋದೆ. ಒಬ್ಬಳೇ ಹೋಗುವ ಧೈರ್ಯ ನಲವತ್ತೊಂದು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ. ನಮ್ಮ ಬೀದಿಯ ಹೆಂಗಸರೆಲ್ಲ ಸೇರಿ ಹಳೆಯ ಬಂದರು ಪಟ್ಟಣಕ್ಕೆ ಒಂದು ದಿನದ ಪ್ರವಾಸ ಗೊತ್ತುಮಾಡಿದಾಗ, ಆ ಊರಿನ ಗಂಧಗಾಳಿಯೇ ಇಲ್ಲದವಳ ಹಾಗೆ ಹೆಸರು ಕೊಟ್ಟು ಕಿಟಕಿ ಪಕ್ಕದ ಸೀಟು ಹಿಡಿದೆ.

ನಮ್ಮ ಗೈಡ್ ದಪ್ಪ ಮೀಸೆಯವನು. ಎಲ್ಲರಿಗೂ ಕಾಣಲಿ ಎಂದು ಕೆಂಪು ಕೊಡೆ ಎತ್ತಿ ಹಿಡಿದು ಮುಂದೆ ನಡೆಯುತ್ತಿದ್ದ, ಬೀದಿಗೊಂದು ಸಲ ನಮ್ಮ ತಲೆ ಎಣಿಸುತ್ತಿದ್ದ. ಸುಂಕದ ಕಟ್ಟೆ, ಸಾಹುಕಾರರ ಮೂರಂತಸ್ತಿನ ಮನೆಗಳು, ಹೋಟೆಲ್ಲಾಗಿರುವ ಉಗ್ರಾಣಗಳು, ಎಲ್ಲ ತೋರಿಸಿದ. ಕೊನೆಗೆ ನಮ್ಮನ್ನೊಂದು ಉದ್ದನೆಯ ಕಾರ್ ನಿಲ್ದಾಣಕ್ಕೆ ತಂದು, ಇಲ್ಲಿ ಹಡಗಿನ ಹಗ್ಗ ಮಾಡುವ ಅಂಗಳ ಇತ್ತು ಎಂದ. ಹಗ್ಗಕ್ಕೆ ಇಷ್ಟುದ್ದ ಜಾಗ ಯಾಕೆ ಬೇಕಿತ್ತು ಅಂತ ನಮ್ಮಲ್ಲೊಬ್ಬರು ಕೇಳಿದರು. ಬಿಸಿಲಿಗೆ ಒಣಗಿಸಲಿಕ್ಕೆ ಅಂದುಬಿಟ್ಟ ಮಹಾರಾಯ.

ನನ್ನ ನಾಲಿಗೆ ತುರಿಸಿತು. ಆದರೆ ತಡೆದುಕೊಂಡೆ. ಅದು ನಮ್ಮಪ್ಪನ ಅಂಗಳ. ಹಗ್ಗ ಹೊಸೆಯಲು ಇಬ್ಬರು ಬೇಕು. ಒಬ್ಬರು ಒಂದು ತುದಿಯಲ್ಲಿ ಕೂತು ಚಕ್ರ ತಿರುಗಿಸಬೇಕು. ಇನ್ನೊಬ್ಬರು ಸೊಂಟಕ್ಕೆ ನಾರು ಸುತ್ತಿಕೊಂಡು, ಚಕ್ರದ ಕೊಕ್ಕೆಗೆ ಎಳೆ ಸಿಕ್ಕಿಸಿ, ನಾರು ಬಿಡುತ್ತ ಬಿಡುತ್ತ ಹಿಂದಕ್ಕೆ ನಡೆಯಬೇಕು. ಎಷ್ಟು ದೂರ ನಡೆದರೆ ಅಷ್ಟು ಉದ್ದ ಎಳೆ. ಚಕ್ರ ಅಕ್ಕನದು, ಹಿಂದಕ್ಕೆ ನಡೆಯುವುದು ನನ್ನದು. ನನ್ನ ಬೆನ್ನ ಹಿಂದೇನಿದೆ ಅಂತ ನನಗೆ ಕಾಣುತ್ತಿರಲಿಲ್ಲ, ಅಕ್ಕನಿಗೆ ಕಾಣುತ್ತಿತ್ತು. ಕಲ್ಲಿದೆ, ಬಲಕ್ಕೆ ಸರಿ, ನಾಯಿ ಮಲಗಿದೆ, ನಿಧಾನ, ಅಂತ ಕೂಗಿ ಹೇಳುತ್ತಿದ್ದಳು. ಅಂಗಳದ ಕೊನೆ ಮುಟ್ಟಿದಾಗ ಅವಳ ಕೂಗು ಯಾವಾಗಲೂ ಒಂದೇ: "ಗೋಡೆ ಬಂತು, ನಿಲ್ಲು. ವಾಪಸ್ ಬಾ." ನಾನು ಎಳೆ ಕಟ್ಟಿ ಓಡುತ್ತ ಅವಳ ಹತ್ತಿರ ಹೋಗುತ್ತಿದ್ದೆ. ಆರನೇ ವಯಸ್ಸಿನಿಂದ ಇಪ್ಪತ್ತೆರಡರವರೆಗೆ ನಾನು ಹೀಗೆ ಅಕ್ಕನ ಮುಖ ನೋಡುತ್ತಲೇ ನಡೆದವಳು.

ನಾನು ಎಡಚಿ. ಮನೆಯಲ್ಲಿ ಕೂತು ಕೈಯಲ್ಲೇ ಸಣ್ಣ ಹಗ್ಗ ಹೊಸೆದರೆ ನನ್ನ ಹುರಿ ಉಲ್ಟಾ ಬೀಳುತ್ತಿತ್ತು. ಅಂಥದ್ದನ್ನು ಬೇರೆ ಹಗ್ಗಕ್ಕೆ ಜೋಡಿಸಿದರೆ ಎರಡೂ ಒಂದನ್ನೊಂದು ಬಿಚ್ಚಿಕೊಳ್ಳುತ್ತವೆ. ಅದಕ್ಕೇ ಅಪ್ಪ ನನ್ನ ಕೈಯ ಹಗ್ಗವನ್ನು ಗಿರಾಕಿಗಳ ಕಣ್ಣಿಗೆ ಬೀಳಲು ಬಿಡುತ್ತಿರಲಿಲ್ಲ. ಒಂದೇ ಒಂದು ಉಪಯೋಗಕ್ಕೆ ಬಂತು. ನಮ್ಮ ಮನೆಯ ಮೆಟ್ಟಿಲು ಕಡಿದಾದದ್ದು, ಕತ್ತಲೆ ಬೇರೆ. ಹಿಡಿದು ಹತ್ತಲು ಗೋಡೆಗುಂಟ ಒಂದು ಹಗ್ಗ ಬಿಟ್ಟಿದ್ದರು. ಅದು ನಾನು ಹೊಸೆದದ್ದು.

ಅಪ್ಪ ತೀರಿಕೊಂಡ ಮರುವರ್ಷ ಊರಿಗೆ ಬಂದಿದ್ದ ಮೇಷ್ಟ್ರೊಬ್ಬರನ್ನು ಮೆಚ್ಚಿ ನಾನು ಅವರ ಜೊತೆ ಹೊರಟೆ. ನೀನು ಹೋದರೆ ಅಂಗಳ ಮುಚ್ಚಬೇಕಾಗುತ್ತದೆ ಎಂದಳು ಅಕ್ಕ. ಮುಚ್ಚು ಎಂದೆ. ಆ ವಯಸ್ಸಿನ ಬಾಯಿ. ಅವತ್ತು ಮೊದಲ ಸಲ ಅಕ್ಕನಿಗೆ ಬೆನ್ನು ತೋರಿಸಿ ನಡೆದೆ, ಓಣಿ ಮುಗಿಯುವ ತನಕ ತಿರುಗಿ ನೋಡಲಿಲ್ಲ. ಅವಳೂ ಕೂಗಲಿಲ್ಲ. ಆಮೇಲೆ ಮೂರು ಕಾಗದ ಬರೆದೆ. ಉತ್ತರ ಬರಲಿಲ್ಲ. ನನಗೂ ಹಟ ಬಂತು. ಮೇಷ್ಟ್ರು ಒಳ್ಳೆಯವರೇ, ಸುಖವಾಗಿಯೇ ಇಟ್ಟುಕೊಂಡಿದ್ದರು. ಅವರು ತೀರಿಹೋಗಿ ಮೂರು ವರ್ಷವಾಯಿತು. ಅಂದಿನಿಂದ ನನ್ನ ತಲೆಯಲ್ಲಿರುವುದು ಒಂದೇ ಪ್ರಶ್ನೆ, ಅಕ್ಕನಿಗೆ ನಾನು ಬೇಕೋ ಬೇಡವೋ. ಅದನ್ನು ತಿಳಿದುಕೊಳ್ಳದೆ ಸಾಯಲು ನನಗೆ ಇಷ್ಟವಿರಲಿಲ್ಲ.

ಊಟವಾದ ಮೇಲೆ ಎಲ್ಲರಿಗೂ ಅಂಗಡಿ ಸುತ್ತಲು ಎರಡು ಗಂಟೆ ಬಿಡುವು ಸಿಕ್ಕಿತು. ನಾಲ್ಕೂವರೆಗೆ ಬಸ್ಸು. ನಾನು ಮೆಲ್ಲಗೆ ಜಾರಿಕೊಂಡೆ.

ಮನೆ ಇತ್ತು. ಬಾಗಿಲಿಗೆ ಬೇರೆ ಬಣ್ಣ, ಅಷ್ಟೇ. ಒಳಗೆ ಅದೇ ಕತ್ತಲೆ ಮೆಟ್ಟಿಲು. ಎಡಗೈಯಲ್ಲಿ ಚೀಲ, ಬಲಗೈ ತಾನಾಗಿ ಗೋಡೆಯ ಹಗ್ಗಕ್ಕೆ ಹೋಯಿತು. ಮೇಲೆ ಅಕ್ಕ ಇದ್ದಾಳೋ ಇಲ್ಲವೋ ಎಂಬುದೊಂದೇ ಯೋಚನೆ, ಬೇರೆ ಯಾವುದರ ಮೇಲೂ ಗಮನವಿರಲಿಲ್ಲ.

ಅಕ್ಕ ಕಿಟಕಿಯ ಪಕ್ಕ ಕೂತು ಬೀಗದ ಕೈಗೆ ಸಿಕ್ಕಿಸುವ ಪುಟ್ಟ ಹಗ್ಗದ ಗಂಟುಗಳನ್ನು ಹಾಕುತ್ತಿದ್ದಳು. ಪ್ರವಾಸಿಗಳ ಅಂಗಡಿಯವರು ಒಯ್ಯುತ್ತಾರಂತೆ. ಹಡಗು ಕಟ್ಟುವ ಹಗ್ಗ ಮಾಡಿದವಳು ಈಗ ಬೀಗದ ಕೈ ಕಟ್ಟುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಕೈ ನಿಲ್ಲಿಸಿದಳು. ಗುರುತು ಸಿಕ್ಕಿತು, ಅದು ಕಣ್ಣಲ್ಲಿ ಕಂಡಿತು.

"ಬಂದ್ಯಾ? ಕೂತ್ಕೋ," ಎಂದಳು.

ನೀರು ತಂದಳು, ಲೋಟವನ್ನು ತಟ್ಟೆಯ ಮೇಲಿಟ್ಟು. ನೆಂಟರಿಗೆ ಹಾಗೆ ಕೊಡುವುದು. ಮಕ್ಕಳೆಷ್ಟು ಎಂದು ಕೇಳಿದಳು, ಒಬ್ಬಳು ಮಗಳು ಎಂದೆ. ಮೇಷ್ಟ್ರ ವಿಷಯ ಹೇಳಿದೆ, ತಲೆ ಆಡಿಸಿದಳು. ಅವಳ ಮಂಡಿನೋವು, ನನ್ನ ಕಣ್ಣಿನ ಪೊರೆ, ಇಬ್ಬರ ಮಾತ್ರೆಗಳು, ಎಲ್ಲ ಬಂದುಹೋದವು. ಕಾಗದದ ಮಾತು ನಾನು ಎತ್ತಲಿಲ್ಲ, ಅಂಗಳದ ಮಾತು ಅವಳು ಎತ್ತಲಿಲ್ಲ. ಕೇಳಲೆಂದೇ ಬಂದ ಒಂದು ಮಾತನ್ನು ನಾನು ಕೇಳಲೇ ಇಲ್ಲ. ನಾಲ್ಕು ಗಂಟೆಗೆ, ಬಸ್ಸಿದೆ, ಹೊರಡ್ತೀನಿ ಎಂದೆ. ಸರಿ ಎಂದಳು.

ಇಳಿಯುವಾಗ ಹಗ್ಗ ಎಡಗೈಗೆ ಬಂತು. ಎರಡು ಮೆಟ್ಟಿಲು ಇಳಿದು ನಿಂತುಬಿಟ್ಟೆ. ನನ್ನ ಎಡಗೈಗೆ ತನ್ನ ಹುರಿ ಗೊತ್ತು. ಬೆರಳುಗಳು ಎಳೆಯ ಸಂದಿಗಳಲ್ಲಿ ಸರಿಯಾಗಿ ಕೂತವು. ಆದರೆ ನಾನು ಹೊಸೆದ ಹಗ್ಗ ಇಷ್ಟು ವರ್ಷ ಬಾಳುವುದುಂಟೆ? ಕಣ್ಣ ಹತ್ತಿರ ತಂದು ನೋಡಿದೆ. ನಾರು ಇನ್ನೂ ಹಳದಿ, ಹೊಸದರ ವಾಸನೆ ಹೋಗಿರಲಿಲ್ಲ.

ಅಕ್ಕ ಮೆಟ್ಟಿಲ ತುದಿಯಲ್ಲಿ ನಿಂತಿದ್ದಳು.

"ಅಕ್ಕ, ಇದನ್ನ ಹೊಸೆದಿದ್ದು ಯಾರು?"

"ಇನ್ಯಾರು, ನಾನೇ. ಎರಡು ವರ್ಷಕ್ಕೊಂದ್ಸಲ ಬದಲಾಯಿಸ್ತೀನಿ. ಸವೆದುಹೋಗುತ್ತಲ್ಲ."

"ಹುರಿ ಉಲ್ಟಾ ಇದೆ."

ಅವಳು ಹಗ್ಗದ ಮೇಲಿನ ತುದಿಯನ್ನು ಒಮ್ಮೆ ಸವರಿದಳು. ಆಮೇಲೆ, "ಬಲಗೈಯವರಿಗೆ ಅದೆಷ್ಟು ಕಷ್ಟ ಗೊತ್ತಾ? ಮೊದಲನೇ ಸಲ ಮೂರು ಸರ್ತಿ ಬಿಚ್ಚಿ ಹೊಸೆದೆ," ಎಂದಳು. "ನೀನು ಮಾಡಿದ್ದು ಹರಿದುಹೋಯ್ತು. ಮನೇಲಿ ನಿಂದು ಅಂತ ಬೇರೆ ಏನೂ ಇರ್ಲಿಲ್ಲ."

ನಾನು ಆ ಮೆಟ್ಟಿಲ ಮೇಲೆಯೇ ಕೂತು ಅತ್ತೆ. ಅಕ್ಕ ಇಳಿದು ಬರಲಿಲ್ಲ, ಅವಳ ಮಂಡಿ ಬಗ್ಗುವುದಿಲ್ಲ. ಅತ್ತು ಮುಗಿಯುವ ತನಕ ಮೇಲೆ ನಿಂತಿದ್ದಳು. ಬಸ್ಸು ಹೋಗುತ್ತೆ, ಏಳು ಎಂದಳು. ಅವಳ ದನಿಯೂ ಒಡೆದಿತ್ತು, ಆದರೆ ಇರು ಅನ್ನಲಿಲ್ಲ. ಇರಲಾ ಎಂದು ಕೇಳಲು ನನಗೂ ಬಾಯಿ ಬರಲಿಲ್ಲ. ಮುಚ್ಚು ಅಂದವಳು ನಾನು. ಯಾವ ಮುಖ ಇಟ್ಟುಕೊಂಡು ಕೇಳುವುದು?

ಓಣಿಗೆ ಇಳಿದು ನಾಲ್ಕು ಹೆಜ್ಜೆ ಹಾಕಿದೆ. ಮತ್ತೆ ಅವಳಿಗೆ ಬೆನ್ನು ತೋರಿಸಿಕೊಂಡು ಹೋಗುತ್ತಿದ್ದೇನಲ್ಲ ಅನ್ನಿಸಿತು. ತಿರುಗಿದೆ. ಅಕ್ಕ ಕಿಟಕಿಯಲ್ಲಿದ್ದಳು. ಅವಳ ಮುಖ ನೋಡುತ್ತ ಹಿಂದಕ್ಕೆ ನಡೆಯತೊಡಗಿದೆ. ಅರವತ್ಮೂರರ ಮುದುಕಿ, ಕಂಕುಳಲ್ಲಿ ಚೀಲ. ಎದುರು ಮನೆ ದರ್ಜಿ ಹೊಲಿಗೆ ಬಿಟ್ಟು ಪಿಳಿಪಿಳಿ ನೋಡಿದ. ನೋಡಿಕೊಳ್ಳಲಿ.

"ಬಲಕ್ಕೆ ಸರಿ," ಎಂದು ಮೇಲಿಂದ ಕೇಳಿತು. "ತಳ್ಳುಗಾಡಿ ಇದೆ."

ಸರಿದೆ.

"ಗುಂಡಿ. ನಿಧಾನ, ಎಡಚಿ."

ನಲವತ್ತೊಂದು ವರ್ಷದಿಂದ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಕಣ್ಣು ಮಂಜಾಯಿತು, ಆದರೂ ಕಾಲು ನಿಲ್ಲಲಿಲ್ಲ. ಅಕ್ಕ ಚಿಕ್ಕವಳಾಗುತ್ತ ಹೋದಳು. ಓಣಿ ತಿರುಗುವ ಕಡೆ ಹಳೆಯ ಗೋಡೆಯೊಂದಿದೆ, ಅದು ಹತ್ತಿರವಾಗುತ್ತಿರಬೇಕು ಎಂದು ನಾನು ಅಂದಾಜು ಮಾಡುವಷ್ಟರಲ್ಲಿ ಅವಳ ಕೂಗು ಓಣಿ ಪೂರ್ತಿ ಕೇಳುವಂತೆ ಬಂತು.

"ಗೋಡೆ ಬಂತು, ನಿಲ್ಲು."

ನಿಂತೆ. ಬೆನ್ನಿಗೆ ಗೋಡೆ ತಾಗಿತು. ಅವಳು ಕಿಟಕಿಯ ಸರಳು ಹಿಡಿದುಕೊಂಡದ್ದು ಅಷ್ಟು ದೂರದಿಂದಲೂ ಕಾಣುತ್ತಿತ್ತು.

"ವಾಪಸ್ ಬಾ," ಎಂದಳು.

ನಾನು ಗೈಡ್‌ಗೆ ಫೋನ್ ಮಾಡಿ, ಒಂದು ತಲೆ ಕಡಿಮೆ ಎಣಿಸಿಕೊಳ್ಳಿ ಎಂದೆ.